ಮಗಳ ಚೆಲ್ಲೋ ಹೊತ್ತು ತಿರುಗಿದ ಮೂರು ವರ್ಷ

ಪಿಟೀಲಿನ ಜಾತಿಯದೇ ಆದ, ಕೂತು ನೆಲಕ್ಕೆ ಊರಿ ನುಡಿಸುವ ದೊಡ್ಡ ವಾದ್ಯ ಚೆಲ್ಲೋ. ಅದನ್ನು ಕಲಿಯಬೇಕು ಅಂತ ಮಗಳು ಹಟ ಹಿಡಿದಾಗ ಅವಳಿಗೆ ಎಂಟು ವರ್ಷ. ಮೇಷ್ಟ್ರು ಅವಳನ್ನು ಕೂರಿಸಿ, ಬೆರಳು ಅಗಲಿಸಿ ನೋಡಿ, 'ಅರ್ಧ ಸೈಜು ಸರಿಹೋಗುತ್ತೆ' ಅಂದರು. ಹೇಗೂ ಬೆಳೆಯುವ ಹುಡುಗಿ, ಮುಕ್ಕಾಲು ಸೈಜೇ ತಗೊಳ್ಳೋಣ ಅಂತ ನನ್ನ ಲೆಕ್ಕ. ಅವರು ಒಪ್ಪಲಿಲ್ಲ. ವಾದ್ಯ ದೊಡ್ಡದಾದರೆ ಎಡಗೈ ಎಳೆದು ನೋವು ಬರುತ್ತೆ, ಭುಜ ಮೇಲೇರುತ್ತೆ, ಆ ಅಭ್ಯಾಸ ಆಮೇಲೆ ಹೋಗುವುದಿಲ್ಲ ಅಂದರು. ಬಾಡಿಗೆಗೆ ತಂದೆವು.

ಮನೆಯಲ್ಲಿ ಮೊದಲು ತೊಂದರೆ ಕೊಟ್ಟಿದ್ದು ನೆಲ. ಚೆಲ್ಲೋ ನಿಲ್ಲುವುದು ಕೆಳಗಿನ ಚೂಪು ಕಡ್ಡಿಯ ಮೇಲೆ. ಟೈಲ್ಸ್ ಮೇಲೆ ಅದು ಸರ್ರನೆ ಜಾರುತ್ತಿತ್ತು. ಜಮಖಾನ ಹಾಸಿದೆ, ಜಮಖಾನವೇ ಜಾರಿತು. ಕೊನೆಗೆ ಕುರ್ಚಿಯ ಮುಂದಿನ ಕಾಲಿಗೆ ಸಿಕ್ಕಿಸುವ ಪಟ್ಟಿ ತಂದೆ. ಅದರ ಇನ್ನೊಂದು ತುದಿಯ ಗುಳಿಯಲ್ಲಿ ಕಡ್ಡಿ ಕೂರುತ್ತದೆ. ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಇಳಿಜಾರು, ಬೇಡ. ಹಳೇ ಮರದ ಸ್ಟೂಲಿನ ಕಾಲನ್ನು ಬಡಗಿಯಿಂದ ಕೊಯ್ಯಿಸಿದೆ. ಎರಡೂ ಪಾದ ನೆಲಕ್ಕೆ ತಾಗಿದ ಮೇಲೆ ತಂತಿಯ ಮೇಲೆ ಅವಳು ಎಳೆಯುವ ಕಮಾನು ನೇರವಾಯಿತು!

ಕ್ಲಾಸಿಗೆ ಹೋಗುವುದು ಆಟೋದಲ್ಲಿ. ಸ್ಕೂಟರ್ ಮಾತ್ರ ಬೇಡವೇ ಬೇಡ, ಮಗುವಿನ ಬೆನ್ನ ಮೇಲಿನ ಚೀಲಕ್ಕೆ ಗಾಳಿ ಹೊಡೆದರೆ ಇಬ್ಬರೂ ವಾಲುತ್ತೀರಿ. ಒಂದು ದಿನ ಸುಸ್ತಾಗಿ, ಬಟ್ಟೆಯ ಚೀಲದಲ್ಲಿದ್ದ ಚೆಲ್ಲೋವನ್ನು ಆಟೋ ಸೀಟಿನ ಹಿಂದೆ ಮಲಗಿಸಿದೆ. ಹಂಪ್ ಒಂದು ಎತ್ತಿ ಹಾಕಿತು. ಮನೆಗೆ ಬಂದು ತೆರೆದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಅಂದರೆ ಕುದುರೆ, ಬಿದ್ದಿದೆ, ಒಳಗೆ ಏನೋ ಉರುಳಾಡುವ ಸದ್ದು. ಮಗಳು ಅತ್ತೇ ಬಿಟ್ಟಳು. ಉರುಳುತ್ತಿದ್ದದ್ದು ಸೌಂಡ್‌ಪೋಸ್ಟ್. ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ ನಿಲ್ಲುವ ಸಣ್ಣ ಮರದ ಕಡ್ಡಿ ಅದು. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ಅದು ಬಿದ್ದಾಗ ತಂತಿ ಬಿಗಿಯಬಾರದು, ಮೇಲಿನ ಹಲಗೆ ಸೀಳಬಹುದು. ಪಿಟೀಲು ರಿಪೇರಿ ಮಾಡುವವರು ಬಾಗಿದ ಸಲಾಕೆಯಿಂದ ಅದನ್ನು ನಿಲ್ಲಿಸಿಕೊಟ್ಟರು. ತಂತಿ ಬದಲಿಸುವಾಗಲೂ ಒಂದೊಂದಾಗಿ ಬದಲಿಸಿ, ನಾಲ್ಕನ್ನೂ ಒಟ್ಟಿಗೆ ಸಡಿಲ ಮಾಡಬೇಡಿ ಅಂತ ಕಲಿಸಿಕೊಟ್ಟಿದ್ದೂ ಅವರೇ.

ಅಂದಿನಿಂದ ಗಟ್ಟಿ ಪೆಟ್ಟಿಗೆ. ನೇರ ನಿಲ್ಲಿಸಿ, ನನ್ನ ಮೊಣಕಾಲುಗಳ ನಡುವೆ ಹಿಡಿದುಕೊಳ್ಳುತ್ತೇನೆ. ಯಾರದ್ದಾದರೂ ಕಾರಿನಲ್ಲಿ ಹೋದರೆ ಇಳಿಯುವಾಗ ಚೆಲ್ಲೋವೂ ನಮ್ಮ ಜೊತೆ ಇಳಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಶಾಖಕ್ಕೆ ಅಂಟು ಮೆತ್ತಗಾಗಿ ಕೀಲು ಬಿಡುತ್ತದೆ. ಬೆಂಗಳೂರಿನ ಮಾರ್ಚ್ ಒಣಹವೆಗೆ ತಂತಿ ಬಿಗಿಯುವ ಮರದ ಬಿರಡೆ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚಿಕೊಳ್ಳುತ್ತದೆ. ಚಿಕ್ಕ ಮಕ್ಕಳಿಗೆ ಬಿರಡೆ ತಿರುಗಿಸುವುದು ಕಷ್ಟ ಅಲ್ವಾ? ಹಾಗಾಗಿ ನಾಲ್ಕೂ ತಂತಿಗೆ ಫೈನ್ ಟ್ಯೂನರ್ (ಶ್ರುತಿಯನ್ನು ಸ್ವಲ್ಪ ಸ್ವಲ್ಪವೇ ತಿದ್ದುವ ಸಣ್ಣ ತಿರುಪು) ಇರುವುದನ್ನೇ ಕೇಳಿ ತನ್ನಿ.

ನುಡಿಸಿ ಮುಗಿದ ಮೇಲೆ ಕಮಾನು ಸಡಿಲಿಸುವುದು, ಕಮಾನಿಗೆ ಹಚ್ಚುವ ರೋಸಿನ್ (ರಾಳ) ಪುಡಿಯನ್ನು ಹಳೇ ಪಂಚೆ ತುಂಡಿನಲ್ಲಿ ಒರೆಸುವುದು ಮಗಳದೇ ಕೆಲಸ. ಈಗ ಅವಳಿಗೆ ಹನ್ನೊಂದು, ಮುಕ್ಕಾಲು ಸೈಜು ಬಂದಿದೆ. ಪೆಟ್ಟಿಗೆಯನ್ನು ತಾನೇ ಬೆನ್ನಿಗೆ ಹಾಕಿಕೊಳ್ಳುತ್ತಾಳೆ. ಅದರ ತಲೆ ಅವಳ ತಲೆಗಿಂತ ಎತ್ತರ. ಬಾಗಿಲು ಬಂದಾಗಲೆಲ್ಲ ಹಿಂದಿನಿಂದ 'ಬಗ್ಗು ಪುಟ್ಟಿ' ಅನ್ನುತ್ತೇನೆ.