ಮೂರನೇ ಕಂತು ಬರುತ್ತೆ, ಕೆಲಸ ಮೊದಲು ಹುಡುಕಿದರೆ

"ಮೊದಲೆರಡು ಕಂತು ತಗೊಳ್ಳಿ, ಮೂರನೆಯದರ ಆಸೆ ಬಿಡಿ." ಸರ್ಕಾರ ಮೂರು ಕಂತಿನಲ್ಲಿ ಕೊಡುವ ದುಡ್ಡಿನಲ್ಲಿ ಬೌದ್ಧಿಕ ವಿಕಲಚೇತನರಿಗೆ ಕೌಶಲ ತರಬೇತಿ ಕೊಡುವ ನಮ್ಮಂಥ ಸಣ್ಣ ಸಂಸ್ಥೆಯವರು ಶಿವಮೊಗ್ಗದಲ್ಲಿ ಎಲ್ಲಿ ಸೇರಿದರೂ ಈ ಮಾತು ಬರುತ್ತಿತ್ತು. ಕಳೆದ ಎರಡು ಬ್ಯಾಚಿಗೆ ನಮಗೆ ಮೂರನೇ ಕಂತೂ ಬಂದಿದೆ, ಅದೂ ಕಡಿತವಿಲ್ಲದೆ. ಹೇಗೆ ಅಂತ ಫೋನ್ ಮಾಡುವವರು ಜಾಸ್ತಿ ಆಗಿದ್ದಾರೆ. ಅದಕ್ಕೇ ಒಮ್ಮೆಲೇ ಬರೆದುಬಿಡುತ್ತಿದ್ದೇನೆ.

ಲೆಕ್ಕ ನಿಮಗೆ ಗೊತ್ತೇ ಇದೆ. 2015ರ ಕಾಮನ್ ನಾರ್ಮ್ಸ್ (ಕೌಶಲ ತರಬೇತಿಗೆ ಕೇಂದ್ರ ಸರ್ಕಾರ ಮಾಡಿದ ಸಾಮಾನ್ಯ ನಿಯಮಗಳು) ಪ್ರಕಾರ ಬ್ಯಾಚ್ ಶುರುವಾದಾಗ ಶೇ 30, ಸರ್ಟಿಫಿಕೇಟ್ ಆದಾಗ ಶೇ 50, ಕೆಲಸ ಕೊಡಿಸಿದ ಮೇಲೆ ಶೇ 20. ಪಾಸಾದವರಲ್ಲಿ ಶೇ 70 ಮಂದಿ ಮೂರು ತಿಂಗಳೊಳಗೆ ಕೆಲಸದಲ್ಲಿರಬೇಕು. ನಮ್ಮದು ಹದಿನೈದು ಮಂದಿಯ ಬ್ಯಾಚು, 400 ಗಂಟೆ ಆಸುಪಾಸು. ಗಂಟೆಗೆ ತಲೆಗೆ 35-40 ರೂಪಾಯಿ ಅಂತಿಟ್ಟರೆ ಒಟ್ಟು ಎರಡು ಲಕ್ಷ ಚಿಲ್ಲರೆ. ಕೊನೆ ಕಂತು ಅಂದರೆ ನಲವತ್ತು ನಲವತ್ತೈದು ಸಾವಿರ.

ಅಷ್ಟಕ್ಕೆ ಇಷ್ಟು ಒದ್ದಾಟ ಯಾಕೆ ಮಾರಾಯ್ರೆ ಅಂತ ಕೇಳುವವರಿದ್ದಾರೆ. ಕಾರಣ ಜಾಬ್ ಕೋಚ್. ಹುಡುಗ ಕೆಲಸಕ್ಕೆ ಸೇರಿದ ಮೇಲೂ ಪಕ್ಕದಲ್ಲಿ ನಿಂತು ಕಲಿಸುವವರಿಲ್ಲದಿದ್ದರೆ ಅವನು ಹದಿನೈದು ದಿನಕ್ಕೆ ಮನೆಯಲ್ಲಿರುತ್ತಾನೆ. ಆ ಕೋಚ್‌ಗೆ ತಿಂಗಳಿಗೆ ಹದಿನಾಲ್ಕು ಸಾವಿರ ಕೊಡಬೇಕು. ನಮ್ಮ ಮಂಜೂರಾತಿಯಲ್ಲಿ ಅದಕ್ಕೊಂದು ಸಾಲು ಇರಲಿಲ್ಲ. ಮೂರನೇ ಕಂತೇ ಅವರ ಸಂಬಳ.

ಮೊದಲ ಬ್ಯಾಚಿನಲ್ಲಿ ಅಡಿಕೆಯನ್ನೇ ನಂಬಿದ್ದೆವು. ಮಲೆನಾಡಿನಲ್ಲಿ ಬೇರೆ ಏನಿದೆ, ಅಲ್ವಾ? ಅಡಿಕೆ ಆರಿಸುವ ಕೆಲಸವನ್ನು ನಮ್ಮ ಹುಡುಗರು ಚೆನ್ನಾಗಿಯೇ ಕಲಿತರು. ನಮ್ಮ ಕೋಚ್ ನಾಲ್ಕು ಡಬ್ಬಿ ಮುಚ್ಚಳಗಳಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಅನ್ನುವ ನಾಲ್ಕು ಬಗೆಯ ಅಡಿಕೆ ಒಂದೊಂದು ಹಿಡಿ ಹಾಕಿ ಎದುರಿಗೆ ಇಡುತ್ತಿದ್ದರು. ಒಬ್ಬ ಹುಡುಗ ಪ್ರತಿ ಅಡಿಕೆಯನ್ನೂ ಮುಚ್ಚಳದ ಹತ್ತಿರ ಹಿಡಿದು, ನೋಡಿ, ಆಮೇಲೆ ಬುಟ್ಟಿಗೆ ಹಾಕುತ್ತಿದ್ದ. ನಿಧಾನ ಹೌದು. ಆದರೆ ಅವನ ಬುಟ್ಟಿಯನ್ನು ಸಾಹುಕಾರ್ರು ಮತ್ತೆ ಆರಿಸಬೇಕಾಗಿರಲಿಲ್ಲ.

ಇಷ್ಟೆಲ್ಲ ಆಗಿ ದುಡ್ಡು ಬರಲಿಲ್ಲ. ಸುಗ್ಗಿ ನಾಲ್ಕೈದು ತಿಂಗಳು. ಕೂಲಿ ತೂಕದ ಲೆಕ್ಕದಲ್ಲಿ, ಕೈಗೆ ನಗದು. ಕಂತು ಕೊಡುವ ಕಚೇರಿಯವರು ಕೇಳುವುದು ನೇಮಕ ಪತ್ರ, ತಿಂಗಳ ಸಂಬಳ, ಬ್ಯಾಂಕ್ ಸ್ಟೇಟ್‌ಮೆಂಟ್, ಕನಿಷ್ಠ ವೇತನಕ್ಕೆ ಕಡಿಮೆ ಇರಬಾರದು. ಸಾಹುಕಾರ್ರು ಲೆಟರ್‌ಹೆಡ್‌ನಲ್ಲಿ ಬರೆದುಕೊಟ್ಟ ಚೀಟಿ ಲೆಕ್ಕಕ್ಕೇ ಬರಲಿಲ್ಲ. ಕೊನೆ ಕಂತು ಮುಳುಗಿತು. ಅದರ ಮೇಲೆ ಸೊಸೈಟಿಯಲ್ಲಿ ತೆಗೆದಿದ್ದ ಒಂದೂವರೆ ಲಕ್ಷದ ಓವರ್‌ಡ್ರಾಫ್ಟ್. ಎರಡನೇ ಕಂತು ಬರುವಷ್ಟರಲ್ಲಿ ವರ್ಷ ಹತ್ತಿರ ಆಗಿತ್ತು. ಬಡ್ಡಿಯೇ ಹದಿನೆಂಟೋ ಇಪ್ಪತ್ತೋ ಸಾವಿರ ಹೋಯಿತು.

ಹಾಜರಾತಿಯದು ಇನ್ನೊಂದು ಕಥೆ. ಅಡಿಕೆ ಸುಲಿಯುವ ಮನೆಯ ಮಕ್ಕಳ ಬೆರಳಿಗೆ ಚೊಗರು ಹಿಡಿದು, ಚರ್ಮ ಒಡೆದು, ಬಯೋಮೆಟ್ರಿಕ್ ಯಂತ್ರ ಬೆರಳನ್ನು ಒಪ್ಪುತ್ತಲೇ ಇರಲಿಲ್ಲ. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿ ಅಂತ ತಾಯಂದಿರಿಗೆ ಹೇಳಿದೆವು. ಅರ್ಧ ಮಂದಿಗೆ ಸರಿಹೋಯಿತು. ಆಷಾಢದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಹೊಸನಗರ ಕಡೆಯಿಂದ ಬರುವವರಿಗೆ ಬಸ್ಸೂ ಇಲ್ಲ. ಆಗಿನಿಂದ ನಮ್ಮ ಬ್ಯಾಚ್ ಯುಗಾದಿ ಆಸುಪಾಸು ಶುರುವಾಗಿ, ಮಳೆ ಜೋರಾಗುವ ಮೊದಲು ಮುಗಿಯುತ್ತದೆ. ಮಳೆಗಾಲದಲ್ಲಿ ಬ್ಯಾಚ್ ಇಟ್ಟುಕೊಂಡು ಹಾಜರಾತಿ ಕಡಿತಕ್ಕೆ ಅಳುವವರನ್ನು ಕಂಡರೆ ನನಗೆ ಅಯ್ಯೋ ಅನಿಸುವುದಿಲ್ಲ.

ಈಗ ಮುಖ್ಯ ವಿಷಯ. ಎಲ್ಲರೂ ಮೊದಲು ಕಲಿಸಿ, ಆಮೇಲೆ ಕೆಲಸ ಹುಡುಕುತ್ತಾರೆ. ನಾವು ತಿರುಗಿಸಿದೆವು. ಬ್ಯಾಚಿಗೆ ಹೆಸರು ಬರೆಯುವ ಮೊದಲೇ ಹನ್ನೆರಡು ಜಾಗ ಹಿಡಿದೆವು: ಎರಡು ಬೇಕರಿ, ಒಂದು ಹೋಟೆಲ್ ಅಡುಗೆಮನೆ, ಒಂದು ಪ್ರೆಸ್ಸಿನ ಬೈಂಡಿಂಗ್ ವಿಭಾಗ, ಮಾಚೇನಹಳ್ಳಿಯಲ್ಲಿ ಒಂದು ಪ್ಯಾಕಿಂಗ್ ಯೂನಿಟ್, ಇನ್ನೂ ಕೆಲವು. ಪ್ರತಿ ಜಾಗಕ್ಕೂ ಹೋಗಿ ಆ ಕೆಲಸವನ್ನು ನಮ್ಮ ಕೋಚ್ ತಾನೇ ಒಂದೆರಡು ದಿನ ಮಾಡಿ ನೋಡಿದರು. ಆಮೇಲೆ ಕೋರ್ಸಿನಲ್ಲಿರುವ ಆನ್ ದ ಜಾಬ್ ಟ್ರೈನಿಂಗ್ ಗಂಟೆಗಳನ್ನೆಲ್ಲ ಅದೇ ಜಾಗಕ್ಕೆ ಹಾಕಿದೆವು. ಬೇಕರಿಗೆ ಹೋಗುವವನು ಅದೇ ಬೇಕರಿಯ ಒಲೆ ಮುಂದೆ, ಅದೇ ಟ್ರೇ ಹಿಡಿದು ಕಲಿಯುತ್ತಾನೆ. ಕೋಚ್ ಪಕ್ಕದಲ್ಲಿ ನಿಂತ ಆ ಗಂಟೆಗಳು ತರಬೇತಿಯ ಗಂಟೆಗಳೇ. ಅವುಗಳ ದುಡ್ಡು ಮೊದಲೆರಡು ಕಂತಿನಲ್ಲೇ ಬರುತ್ತದೆ. ಸರ್ಟಿಫಿಕೇಟ್ ಬರುವಷ್ಟರಲ್ಲಿ ಹುಡುಗ ಅಲ್ಲಿ ಹಳಬ. ಆಮೇಲೆ ಕೋಚ್ ವಾರಕ್ಕೆರಡು ಸಲ ಹೋದರೆ ಸಾಕು.

ಇದು ನಡೆಯಲ್ಲ ಅಂತ ಹೇಳಿದವರೇ ಜಾಸ್ತಿ. "ಮಾಲೀಕರು ನಾಲ್ಕು ತಿಂಗಳು ಮೊದಲೇ ಜಾಗ ಹಿಡಿದಿಡ್ತಾರಾ?" ಹಿಡಿದಿಡುತ್ತಾರೆ. ಅವರ ಎದುರು ಮೊದಲು ಯಾವ ಮಾತು ಆಡಬೇಕು, ಯಾವ ಮಾತು ಆಡಲೇಬಾರದು ಅನ್ನುವುದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದು ನನ್ನ ಬಂಡವಾಳ.

ಪಿಎಫ್, ಇಎಸ್‌ಐ ವಿಷಯ ಮಾತ್ರ ಹೇಳುತ್ತೇನೆ. ವಿಕಲಚೇತನ ನೌಕರರ ಪರವಾಗಿ ಮಾಲೀಕರ ಪಾಲನ್ನು ಕೇಂದ್ರ ಸರ್ಕಾರವೇ ಭರಿಸುವ ಯೋಜನೆ 2008ರ ಏಪ್ರಿಲ್‌ನಿಂದ ಇದೆ. ಶುರುವಾದಾಗ 3 ವರ್ಷದ ಮಟ್ಟಿಗೆ, ತಿಂಗಳ ಸಂಬಳ 25,000 ರೂಪಾಯಿವರೆಗಿನವರಿಗೆ ಅಂತ ಇತ್ತು. ಇದನ್ನು ಬೇಕರಿಯವರ ಮುಂದೆ ಹೇಳಿ ಪ್ರಯೋಜನವಿಲ್ಲ. ನಾಲ್ಕು ಜನ ಕೆಲಸಕ್ಕಿರುವಲ್ಲಿ ಪಿಎಫ್ ಎಲ್ಲಿಂದ ಬಂತು? ಮಾಚೇನಹಳ್ಳಿಯಂಥ ಕಡೆ, ಇಪ್ಪತ್ತಕ್ಕಿಂತ ಜಾಸ್ತಿ ಜನ ಇರುವ ಘಟಕದಲ್ಲಿ ಹೇಳಿ. ಮಾಲೀಕರಿಗಲ್ಲ, ಅವರ ಅಕೌಂಟೆಂಟಿಗೆ. ಆ ಮನುಷ್ಯ ಕಾಗದ ನೋಡಿದ ಮೇಲೆ ಒಳಗೆ ಹೋಗಿ ತಾನೇ ಮಾತಾಡುತ್ತಾನೆ. ಹೀಗೆ ಉಳಿದ ದುಡ್ಡಿನಲ್ಲಿ ಕೋಚ್‌ಗೆ ತಿಂಗಳಿಗೆ ಮೂರು ಸಾವಿರ ಕೊಡಲು ಒಂದು ಘಟಕ ಒಪ್ಪಿತು. ಉಳಿದವರು ಚಹಾ ಕೊಟ್ಟು ಕಳಿಸಿದರು.

ಬ್ಯಾಂಕ್ ಖಾತೆ ದೊಡ್ಡ ಗಂಟು. ಹದಿನೆಂಟು ದಾಟಿದ ಹುಡುಗನಿಗೆ ಖಾತೆ ಅಂದರೆ ಪೋಷಕರ ಕಾಗದ ತನ್ನಿ ಅನ್ನುತ್ತಾರೆ. ನ್ಯಾಷನಲ್ ಟ್ರಸ್ಟ್ ಕಾಯ್ದೆ (1999) ಪ್ರಕಾರ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಸಮಿತಿ ಪಾಲಕತ್ವದ ಪ್ರಮಾಣಪತ್ರ ಕೊಡುತ್ತದೆ. ಸಭೆ ಯಾವಾಗ ಅಂತ ಕಾಯಬೇಕು. ಅದಕ್ಕೇ ಬ್ಯಾಚಿಗೆ ಹೆಸರು ಬರೆಯುವ ದಿನವೇ ಈ ಅರ್ಜಿಯನ್ನೂ ಹಾಕಿಸುತ್ತೇವೆ. ಯುಡಿಐಡಿ (ವಿಕಲಚೇತನರ ಗುರುತಿನ ಚೀಟಿ) ಇಲ್ಲದವರನ್ನು ಅದೇ ವಾರ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತೇವೆ. ಸಂಬಳ ಶುರುವಾಗುವ ಹೊತ್ತಿಗೆ ಖಾತೆ ಸಿದ್ಧ ಇರಬೇಕು. ಒಂದು ತಿಂಗಳು ನಗದು ಕೊಟ್ಟರೂ ಆ ತಿಂಗಳು ಲೆಕ್ಕದಿಂದ ಹೋಯಿತು.

ಮನೆಯವರದು ಬೇರೆ ಚಿಂತೆ. "ಸಂಬಳ ಬಂದ್ರೆ ಮಾಸಾಶನ ನಿಲ್ಲುತ್ತಾ ಸಾರ್?" ಆಯನೂರಿನ ಒಬ್ಬ ತಾಯಿ ಇದೇ ಹೆದರಿಕೆಗೆ ಮಗನನ್ನು ಎರಡನೇ ವಾರಕ್ಕೇ ಕರೆದುಕೊಂಡು ಹೋದರು. ಅವರನ್ನು ಬೈಯುವ ಹಾಗಿಲ್ಲ. ಮಾಸಾಶನ ಖಚಿತ, ಬೇಕರಿ ಕೆಲಸ ಖಚಿತವಲ್ಲ. ಅವರ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ತಾವೂ ವಿಕಲಚೇತನರು. ಅವರು ಮನೆಗೆ ಹೋಗಿ ಕೂತು ಮಾತಾಡಿದ ಮೇಲೆ ಹುಡುಗ ವಾಪಸ್ ಬಂದ. ನಾನು ಹೋಗಿದ್ದರೆ ಬರುತ್ತಿರಲಿಲ್ಲ.

ಬಸ್ಸಿನ ಖರ್ಚೂ ಸಣ್ಣದಲ್ಲ. ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸ್ ಇದೆ, ನಿಜ. ಆದರೆ ನಮ್ಮ ಕಡೆ ಹಳ್ಳಿ ರಸ್ತೆಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಆ ಪಾಸು ತೋರಿಸಿದರೆ ಕಂಡಕ್ಟರ್ ನಗುತ್ತಾನೆ. ಗ್ರಾಮ ಪಂಚಾಯಿತಿ ಸ್ವಂತ ಆದಾಯದಲ್ಲಿ ವಿಕಲಚೇತನರಿಗೆ ಮೀಸಲಾದ ಶೇ 5ರಲ್ಲಿ ಬಸ್ ಚಾರ್ಜ್ ಕೇಳಿದೆವು. ಎರಡು ಪಂಚಾಯಿತಿ ಕೊಟ್ಟವು, ಒಂದು ಗಾಲಿಕುರ್ಚಿ ತಗೊಳ್ಳಿ ಅಂದಿತು. ನಡೆಯುವ ಹುಡುಗನಿಗೆ ಗಾಲಿಕುರ್ಚಿ!

ನಡುವೆ ಅಡಿಕೆ ಹಾಳೆ ತಟ್ಟೆಯ ಪ್ರಯೋಗವೂ ಆಯಿತು. ಸ್ವಂತ ಉದ್ಯೋಗವನ್ನೂ ಲೆಕ್ಕಕ್ಕೆ ಹಿಡಿಯುತ್ತಾರಲ್ಲ ಅಂತ ಇಬ್ಬರ ಮನೆಯವರಿಂದ ಯಂತ್ರ ಹಾಕಿಸಿದೆವು. ಬೇಸಿಗೆಯಲ್ಲಿ ಹಾಳೆ ಒಟ್ಟುಮಾಡಿ ಅಟ್ಟಕ್ಕೆ ಹಾಕಿಟ್ಟ ಮನೆ ಗೆದ್ದಿತು. ಜಗುಲಿಯಲ್ಲಿಟ್ಟ ಮನೆಯ ಹಾಳೆಗೆ ಬೂಷ್ಟು ಹಿಡಿದು ಗೊಬ್ಬರಗುಂಡಿಗೆ ಹೋಯಿತು. ಸಾಲದ ಪಾಸ್‌ಬುಕ್, ಮಾರಾಟದ ಬಿಲ್ಲು ಇದ್ದದ್ದರಿಂದ ಗೆದ್ದವರದು ಲೆಕ್ಕಕ್ಕೆ ಬಂತು. ಮತ್ತೆ ಮಾಡುತ್ತೇನಾ? ಅಟ್ಟ ಇರುವ ಮನೆಯಾದರೆ ನೋಡೋಣ.

ಕೊನೆಯದಾಗಿ ಫೈಲು ಕಳಿಸುವವರಿಗೆ. ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ (ಬ್ಯಾಂಕ್ ಶಾಖೆಯ ಕೋಡು) ಒಮ್ಮೆ ನೋಡಿ. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ ಸೇರಿದವು. ನಮ್ಮ ಹಳ್ಳಿಗಳಲ್ಲಿ ಈಗಲೂ ಹಳೇ ಪಾಸ್‌ಬುಕ್ಕೇ ಪೆಟ್ಟಿಗೆಯಲ್ಲಿದೆ. ಸಂಸ್ಥೆಯ ಖಾತೆಯದೂ ಸೇರಿಸಿ ನೋಡಿ. ನಮಗೆ ಬಂದ ದುಡ್ಡು ಹಳೇ ಕೋಡಿನಿಂದ ವಾಪಸ್ ಹೋಗಿ, ಮತ್ತೆ ಬರಲು ಮಾರ್ಚ್ ದಾಟಿತ್ತು. ಮಾರ್ಚ್ ದಾಟಿ ಹಣಕಾಸು ವರ್ಷ ಮುಗಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.