ಹಳೇ ಬಾಲನ್ಯಾಯದ ಕಡತ ಹುಡುಕುವವರಿಗೆ
ಬಾಲನ್ಯಾಯದ ಇತಿಹಾಸದ ಮೇಲೆ ಈಗಷ್ಟೇ ಸಂಶೋಧನೆ ಶುರು ಮಾಡಿದ್ದೀರಾ? ಬರೀ ಕೋರ್ಟ್ ಕಡತ ನಂಬಿ ಕೂರಬೇಡಿ. 1899ರಲ್ಲಿ ಷಿಕಾಗೋದಲ್ಲಿ ಮಕ್ಕಳ ನ್ಯಾಯಾಲಯ ಶುರುವಾಯಿತು. ಆಮೇಲೆ ಅಮೆರಿಕದಲ್ಲಿ ಇಂಥ ವಿಚಾರಣೆಗಳು ಬಹಳ ಕಾಲ ಸುಮ್ನೆ ಎದುರು ಕೂರಿಸಿ ಮಾತಾಡಿದ ಹಾಗೆ ನಡೆದವು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಗಾಲ್ಟ್ ಪ್ರಕರಣವನ್ನೇ ನೋಡಿ. 15 ವರ್ಷದ ಹುಡುಗನ ವಿಚಾರಣೆ ಮೊದಲು ಮಕ್ಕಳ ನ್ಯಾಯಾಲಯದಲ್ಲಿ ನಡೆದಿತ್ತು, ಆದರೆ ಅಲ್ಲಿ ಆಡಿದ ಮಾತನ್ನು ಯಾರೂ ಬರೆದಿಟ್ಟಿರಲಿಲ್ಲ!

ಹಾಗಾಗಿ ಪ್ರೊಬೇಷನ್ ಅಧಿಕಾರಿಗಳ (ಇಂಥ ಮಕ್ಕಳ ಮೇಲೆ ನಿಗಾ ಇಡುವವರು) ವರದಿ, ಸುಧಾರಣಾ ಶಾಲೆಗಳ ದಾಖಲಾತಿ ಪುಸ್ತಕ ಕೇಳಿ. ಅಂಚಿನಲ್ಲಿ ಪೆನ್ಸಿಲ್‌ನಿಂದ ಗೀಚಿದ ಒಂದು ಸಾಲು ಕೆಲವೊಮ್ಮೆ ತೀರ್ಪಿಗಿಂತ ಜಾಸ್ತಿ ಹೇಳುತ್ತದೆ. ಹುಡುಕುವಾಗ ‘ಡಿಲಿಂಕ್ವೆಂಟ್’ (ದಾರಿ ತಪ್ಪಿದ ಮಗು), ‘ವೇಗ್ರೆಂಟ್’ (ಬೀದಿ ಅಲೆಯುವವನು) ಅಂತ ಆ ಕಾಲದ ಪದವನ್ನೇ ಹಾಕಿ. ಕೇಳೋಕೆ ಹಿಂಸೆ, ನಿಜ.

ಮೊದಲ ದಿನದಿಂದಲೇ ನೋಟ್ಸ್‌ನಲ್ಲಿ ಮಕ್ಕಳ ಹೆಸರಿನ ಬದಲು ಸಂಖ್ಯೆ ಬರೆಯಿರಿ. ನಾನು ಹಾಗೆ ಮಾಡದೆ, ಕೊನೆಗೆ ಮುನ್ನೂರು ಪುಟ ಕೂತು ತಿದ್ದಿದೆ.