ದ್ರಾಕ್ಷಿ ತೋಟದ ಬದುವಿನಲ್ಲಿ ಜೀವಂತ ಬೇಲಿ: ಗಿಡಗಳ ಆಯ್ಕೆ, ನಾಟಿ, ಆರೈಕೆ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಇಂಡಿ ಭಾಗಗಳಲ್ಲಿ ಹೊಸ ದ್ರಾಕ್ಷಿ ತೋಟ ಎದ್ದಾಗಲೆಲ್ಲ ಬದುವಿನ ಮೇಲಿದ್ದ ಬೇವು, ಜಾಲಿ, ತಂಗಡಿ ಗಿಡಗಳು ಮರೆಯಾಗಿ, ಅವುಗಳ ಜಾಗಕ್ಕೆ ಕಲ್ಲುಕಂಬ ಮತ್ತು ಮುಳ್ಳುತಂತಿ ಬರುತ್ತವೆ. ದನಕರು ತಡೆಯುವುದಕ್ಕೆ ತಂತಿ ಸಾಕು. ಆದರೆ ತೋಟದ ಕೀಟಗಳನ್ನು ತಿಂದು ಬದುಕುವ ಗುಲಗಂಜಿ ಹುಳು, ಜೇಡ, ಪರತಂತ್ರ ಕಣಜಗಳಿಗೆ (ಬೇರೆ ಕೀಟಗಳ ಮೈಯಲ್ಲಿ ಮರಿ ಬೆಳೆಸುವ ಕಣಜಗಳಿಗೆ) ಅದರಿಂದ ಆಸರೆ ಸಿಗುವುದಿಲ್ಲ. ಏಪ್ರಿಲ್ ಚಾಟ್ನಿ ಮತ್ತು ಅಕ್ಟೋಬರ್ ಚಾಟ್ನಿ (ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ) ಆದ ಮೇಲೆ ಇಡೀ ತೋಟ ಬೋಳಾಗಿ ನಿಲ್ಲುವಾಗ, ಈ ಮಿತ್ರಕೀಟಗಳಿಗೆ ನೆರಳು, ಮಕರಂದ, ಪರಾಗ ಮತ್ತು ಬೇಟೆ ಹತ್ತಿರದಲ್ಲೇ ಸಿಕ್ಕರೆ ಮಾತ್ರ ಅವು ಹೊಸ ಚಿಗುರಿನ ಹೊತ್ತಿಗೆ ಮರಳಿ ಬರುತ್ತವೆ. ದ್ರಾಕ್ಷಿ ಹೂವಿನಲ್ಲಿ ಪರಾಗಸ್ಪರ್ಶ ಬಹುಮಟ್ಟಿಗೆ ತಾನಾಗಿಯೇ ನಡೆಯುವುದರಿಂದ ಜೇನಿಗಾಗಿ ಬೇಲಿ ಬೇಕೆನ್ನುವ ಮಾತು ಈ ಬೆಳೆಗೆ ಅಷ್ಟಾಗಿ ಹೊಂದುವುದಿಲ್ಲ. ಇಲ್ಲಿ ಬೇಲಿಯ ಮುಖ್ಯ ಕೆಲಸ ಕೀಟ ಹತೋಟಿ ಮತ್ತು ಗಾಳಿತಡೆ.

ಯಾವ ಗಿಡ ನೆಡಬಾರದು ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ದ್ರಾಕ್ಷಿಯನ್ನು ಬಹಳ ಕಾಡುವ ಗುಲಾಬಿ ಹಿಟ್ಟು ತಿಗಣೆಗೆ ದಾಸವಾಳ ಅತ್ಯಂತ ಪ್ರಿಯವಾದ ಆಸರೆ ಗಿಡ. ನೋಡಲು ಚೆಂದವೆಂದು ಅದನ್ನು ಬೇಲಿಗೆ ಹಾಕಿದರೆ, ಶತ್ರುವನ್ನು ನಾವೇ ವರ್ಷವಿಡೀ ಸಾಕಿದಂತಾಗುತ್ತದೆ. ಅದೇ ಕುಟುಂಬದ ತುತ್ತಿ, ಬೆಂಡೆ, ಹತ್ತಿಗಳನ್ನೂ, ಹಿಟ್ಟು ತಿಗಣೆ ಸುಲಭವಾಗಿ ಹತ್ತುವ ಸೀತಾಫಲ ಮತ್ತು ಪೇರಲವನ್ನೂ ಬದುವಿನಿಂದ ದೂರವಿಡಬೇಕು. ಪಾರ್ಥೇನಿಯಂ ಕಂಡಲ್ಲಿ ಹೂ ಬಿಡುವ ಮೊದಲೇ ಕಿತ್ತುಹಾಕಬೇಕು. ಲಂಟಾನ ಮತ್ತು ಬಳ್ಳಾರಿ ಜಾಲಿ ನೀರಿಲ್ಲದೆಯೂ ಬೆಳೆಯುತ್ತವೆ ನಿಜ, ಆದರೆ ಒಮ್ಮೆ ಬೇರೂರಿದರೆ ನಮ್ಮ ಹೊಲಕ್ಕಷ್ಟೇ ಅಲ್ಲದೆ ಊರಿನ ಗೋಮಾಳಕ್ಕೂ ಹರಡುವ ಇಂಥ ಗಿಡಗಳನ್ನು ಯಾರೂ ನೆಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಣ ಪ್ರದೇಶಕ್ಕೆ ಹೊಂದುವ ನಾಟಿ ಗಿಡಗಳು ನಮ್ಮಲ್ಲಿ ಸಾಕಷ್ಟಿವೆ. ಲಕ್ಕಿ, ತಂಗಡಿ, ಬಂದರಿಕೆ ಮತ್ತು ಮದರಂಗಿ ಪೊದೆಯಾಗಿ ಬೆಳೆದು ಕತ್ತರಿಸಿದಷ್ಟೂ ದಟ್ಟವಾಗುತ್ತವೆ. ಲಕ್ಕಿಯ ನೀಲಿ ಹೂಗೊಂಚಲಿನ ಮುಂದೆ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿದರೆ ಅಲ್ಲಿಗೆ ಬರುವ ಕಣಜ, ನೊಣ, ಜೇನುಗಳ ಬಗೆ ತಿಳಿಯುತ್ತದೆ. ಇವುಗಳ ನಡುವೆ ಅಲ್ಲಲ್ಲಿ ನುಗ್ಗೆ, ಗ್ಲಿರಿಸಿಡಿಯ ಇರಲಿ. ಗ್ಲಿರಿಸಿಡಿಯ ಸೊಪ್ಪು ಸಾರಜನಕ ತುಂಬಿದ ಹಸಿರೆಲೆ ಗೊಬ್ಬರವಾಗಿ ಬಳ್ಳಿಯ ಬುಡಕ್ಕೆ ಹೋಗುತ್ತದೆ. ಬೇಲಿಯ ಒಳಮಗ್ಗುಲಿಗೆ ಮಳೆಗಾಲದಲ್ಲಿ ಒಂದು ಸಾಲು ಅಲಸಂದೆ ಬಿತ್ತಿದರೆ, ಅದಕ್ಕೆ ಹತ್ತುವ ಕಪ್ಪು ಹೇನು ದ್ರಾಕ್ಷಿಗೆ ತೊಂದರೆ ಕೊಡದೆ ಗುಲಗಂಜಿ ಹುಳುಗಳಿಗೆ ಆಹಾರವಾಗುತ್ತದೆ. ಕವಳಿಯ ಮುಳ್ಳು ಒಳ್ಳೆಯ ಕಾವಲು, ಆದರೆ ಅದರ ಹಣ್ಣು ಪಿಕಳಾರ ಹಕ್ಕಿಗಳನ್ನು ಕರೆಯುವುದರಿಂದ ರಸ್ತೆಯ ಬದಿಗೆ ಮಾತ್ರ ಅದನ್ನು ಬಳಸುವುದು ಲೇಸು.

ಬೇಲಿ ನಿಲ್ಲುವ ದಿಕ್ಕೂ ಮುಖ್ಯ. ಮುಂಗಾರಿನ ಗಾಳಿ ಬೀಸುವ ಪಶ್ಚಿಮ ಮತ್ತು ನೈಋತ್ಯದಲ್ಲಿ ಬೇಲಿ ಎತ್ತರವಾಗಿರಲಿ, ಅಲ್ಲಿ ಬೇವು ಅಥವಾ ಹೊಂಗೆಯನ್ನು 4ರಿಂದ 5 ಮೀಟರಿಗೊಂದರಂತೆ ಸೇರಿಸಬಹುದು. ಪೂರ್ವದಲ್ಲಿ ಅದು ಎದೆಮಟ್ಟ ದಾಟಬಾರದು. ಏಕೆಂದರೆ ಅಕ್ಟೋಬರ್ ಚಾಟ್ನಿಯ ನಂತರದ ಚಿಗುರಿನ ಮೇಲೆ ಬಿದ್ದ ಇಬ್ಬನಿ ಬೆಳಗಿನ ಬಿಸಿಲಿಗೆ ಬೇಗ ಆರದಿದ್ದರೆ ಬೂಜು ತುಪ್ಪಟ ರೋಗಕ್ಕೆ ದಾರಿಯಾಗುತ್ತದೆ. ಗೋಡೆಯಂತೆ ಗಾಳಿಯನ್ನು ಪೂರ್ತಿ ತಡೆಯುವ ಬೇಲಿಗಿಂತ ಅರ್ಧದಷ್ಟು ಗಾಳಿ ಸೋಸಿಕೊಂಡು ಹೋಗಲು ಬಿಡುವ ಬೇಲಿಯೇ ಒಳ್ಳೆಯದು. ಮೊದಲ ಸಾಲಿಗೂ ಬೇಲಿಗೂ ನಡುವೆ ಟ್ರ್ಯಾಕ್ಟರ್ ತಿರುಗುವಷ್ಟು, ಅಂದರೆ ಕನಿಷ್ಠ 4 ಮೀಟರ್ ಜಾಗ ಬಿಟ್ಟು, ಮರಗಳಿರುವ ಕಡೆ 60 ಸೆಂಟಿಮೀಟರ್ ಆಳದ ಚರಂಡಿ ತೆಗೆದರೆ ಬೇರುಗಳ ಪೈಪೋಟಿ ಕಡಿಮೆಯಾಗುತ್ತದೆ. ಪಕ್ಕದ ಹೊಲದವರ ಜೋಳಕ್ಕೆ ನೆರಳು ಬೀಳುವಂತಿದ್ದರೆ ಗುಂಡಿ ತೋಡುವ ಮೊದಲೇ ಅವರೊಂದಿಗೆ ಮಾತಾಡಿಕೊಳ್ಳಬೇಕು. ಬದುವಿನ ಜಗಳ ಶುರುವಾದರೆ ಬೇಲಿ ಉಳಿಯುವುದಿಲ್ಲ.

ಮೇ ತಿಂಗಳಲ್ಲಿ ಗುಂಡಿ ತೆಗೆದು ಬಿಸಿಲಿಗೆ ಬಿಟ್ಟು, ಕೊಟ್ಟಿಗೆ ಗೊಬ್ಬರ ಬೆರೆಸಿ, ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದ ಮೇಲೆ ನಾಟಿ ಮಾಡಬೇಕು. ಪೊದೆಗಿಡಗಳನ್ನು ಗಿಡದಿಂದ ಗಿಡಕ್ಕೆ 75 ಸೆಂಟಿಮೀಟರ್, ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಅಂತರದಲ್ಲಿ ಎರಡು ಸಾಲುಗಳಾಗಿ, ಎದುರುಬದುರು ಬಾರದಂತೆ ನೆಡಬೇಕು. ಗ್ಲಿರಿಸಿಡಿಯವನ್ನು ಸುಮಾರು ಒಂದು ಮೀಟರ್ ಉದ್ದದ ಬಲಿತ ಕಡ್ಡಿಯಿಂದಲೇ ಹಚ್ಚಬಹುದು. ಬೇವು, ಹೊಂಗೆಯ ಸಸಿಗಳಿಗಾಗಿ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯ ಬಗ್ಗೆ ಮುಂಚಿತವಾಗಿ ವಿಚಾರಿಸಬೇಕು. ವಿಜಯಪುರದ ಕಡೆ ಜೂನ್ ಮಳೆಯ ನಂತರ ದೀರ್ಘ ಬಿಡುವು ಬರುವುದರಿಂದ, ಮೊದಲ ಎರಡು ಬೇಸಿಗೆಯವರೆಗಾದರೂ ತೋಟದ ಡ್ರಿಪ್ಪಿನಿಂದ ಒಂದು ಲ್ಯಾಟರಲ್ (ಕವಲು ಕೊಳವೆ) ಎಳೆದು ನೀರು ಕೊಡದಿದ್ದರೆ ಸಸಿಗಳು ಉಳಿಯುವುದು ಕಷ್ಟ.

ಬೇಲಿ ಬೆಳೆದ ಮೇಲೆ ಅದನ್ನು ಕೆಡಿಸುವುದು ಹೆಚ್ಚಾಗಿ ನಮ್ಮ ಸಿಂಪಡಣೆಯೇ. ಅಂಚಿನ ಸಾಲಿಗೆ ಬಂದಾಗ ಬ್ಲೋವರಿನ ಹೊರಬದಿಯ ನಾಜಲ್‌ಗಳನ್ನು ಮುಚ್ಚಬೇಕು; ಅಕ್ಟೋಬರ್ ಚಾಟ್ನಿಯಲ್ಲಿ ಬಳ್ಳಿಯ ಕಣ್ಣು ಒಡೆಸಲು (ಚಿಗುರಿಸಲು) ಬಳಸುವ ಹೈಡ್ರೋಜನ್ ಸಯನಮೈಡ್ ಹಸಿರೆಲೆಯನ್ನು ಸುಡುವುದರಿಂದ ಅದನ್ನು ಬೇಲಿಯತ್ತ ಹಾರಲು ಬಿಡಲೇಬಾರದು. ಚಾಟ್ನಿಯ ಕಡ್ಡಿಗಳನ್ನು ಬೇಲಿಯ ಬುಡದಲ್ಲಿ ರಾಶಿ ಹಾಕುವ ರೂಢಿಯನ್ನೂ ಬಿಡಬೇಕು, ಏಕೆಂದರೆ ತೊಗಟೆಯಡಿ ಅಡಗಿದ ಹಿಟ್ಟು ತಿಗಣೆ ಅಲ್ಲಿಂದ ಇರುವೆಗಳ ಜೊತೆ ಮತ್ತೆ ಬಳ್ಳಿಗೆ ಹತ್ತುತ್ತದೆ. ಬೇಲಿಯನ್ನು ಒಂದೇ ಸಲ ಪೂರ್ತಿ ಸವರದೆ, ಒಂದು ವರ್ಷ ಒಂದು ಬದಿ, ಮರುವರ್ಷ ಇನ್ನೊಂದು ಬದಿ ಎಂಬಂತೆ ಕತ್ತರಿಸಿದರೆ ಯಾವಾಗಲೂ ಎಲ್ಲೋ ಒಂದು ಕಡೆ ಹೂವಿರುತ್ತದೆ.

ಹಿಟ್ಟು ತಿಗಣೆಯನ್ನು ತಿನ್ನಲು ಕ್ರಿಪ್ಟೋಲೀಮಸ್ ಗುಲಗಂಜಿ ಹುಳುವನ್ನು ಬಳ್ಳಿಗೆ 10ರಂತೆ ಬಿಡುವ ಶಿಫಾರಸು ಇದೆ. 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಈ ಹುಳುವಿನ ಮರಿ ಮೈತುಂಬ ಬಿಳಿ ಮೇಣದ ಎಳೆ ಹೊತ್ತು ಹಿಟ್ಟು ತಿಗಣೆಯಂತೆಯೇ ಕಾಣುವುದರಿಂದ, ಅದನ್ನು ಕೂಲಿಯವರು ಹೊಸಕಿಹಾಕುವುದು ಅಥವಾ ರೈತರು ಗಾಬರಿಯಿಂದ ಔಷಧಿ ಹೊಡೆಯುವುದು ನಡೆದೇ ಇರುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿ ನೋಡಬೇಕು: ತಿಗಣೆ ಇದ್ದಲ್ಲೇ ಇರುತ್ತದೆ ಅಥವಾ ನಿಧಾನವಾಗಿ ಕದಲುತ್ತದೆ, ಅದಕ್ಕಿಂತ ದೊಡ್ಡದಾದ ಮರಿಹುಳು ಚುರುಕಾಗಿ ಸರಿದುಹೋಗುತ್ತದೆ. ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ ಈ ವ್ಯತ್ಯಾಸವನ್ನು ಬಳ್ಳಿಯ ಮುಂದೆಯೇ ನಿಂತು ತೋರಿಸಿಕೊಡಬೇಕು, ಮತ್ತು ಮರಿಹುಳು ಕಂಡ ಸಾಲುಗಳಿಗೆ ಬಟ್ಟೆ ಕಟ್ಟಿ ಗುರುತು ಮಾಡಿ, ಅಲ್ಲಿ ಕೀಟನಾಶಕ ಬೀಳದಂತೆ ನೋಡಿಕೊಳ್ಳಬೇಕು.